ಆಟದ ಬಯಲಿನಲ್ಲಿ ಎಲ್ಲರಿಗೂ ಎಡೆಯಿರಲಿ

ಆಟದ ಪೀರಿಯಡಿನಲ್ಲಿ ಕೈಯೋ ಕಾಲೋ ಊನವಾದ ಮಗುವಿಗೆ ನಾವು ಸಾಮಾನ್ಯವಾಗಿ ಒಪ್ಪಿಸುವ ಕೆಲಸವೆಂದರೆ ಮರದ ನೆರಳಿನಲ್ಲಿ ಕುಳಿತು ಉಳಿದವರ ಚೀಲ, ಚಪ್ಪಲಿಗಳನ್ನು ಕಾಯುವುದು. ಇದರಲ್ಲಿ ದುರುದ್ದೇಶವೇನೂ ಇಲ್ಲ. “ಪಾಪ, ಬಿದ್ದು ಪೆಟ್ಟು ಮಾಡಿಕೊಂಡೀತು” ಎಂಬ ಮರುಕವೇ ಕಾರಣ. ಆದರೆ ಈ ಮರುಕದಿಂದ ಮಗುವಿಗೆ ಒಳಿತಾಗುವುದೇ ಎಂದು ನಾವು ವಿಚಾರ ಮಾಡಬೇಕಾಗಿದೆ. ಅಮೇರಿಕೆಯ ಬೇಸ್‌ಬಾಲ್ ಆಟಗಾರ ಜಿಮ್ ಅಬಟ್‌ನ ಜೀವನವು ಈ ವಿಚಾರದಲ್ಲಿ ನಮಗೆ ಪಾಠವಾಗಬಲ್ಲದು.

ಬೇಸ್‌ಬಾಲ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಆಟವಲ್ಲ. ಅದನ್ನು ಕ್ರಿಕೆಟಿನ ದೂರದ ನೆಂಟನೆನ್ನಬಹುದು. ಅಲ್ಲಿ ಚೆಂಡೆಸೆಯುವವನಿಗೆ ‘ಪಿಚರ್’ ಎಂದು ಹೆಸರು. ಆತನು 60 ಅಡಿ 6 ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ಎಸೆಯಬೇಕು. ಎದುರಾಳಿ ಬಾರಿಸಿದ ಚೆಂಡು ತನ್ನೆಡೆಗೆ ಬಂದರೆ ಗವಸಿನಲ್ಲಿ ಹಿಡಿದು, ಕೂಡಲೆ ತೆಗೆದು ಎಸೆಯಬೇಕು. ಒಂದು ಕೈಗೆ ಗವಸು, ಇನ್ನೊಂದರಲ್ಲಿ ಚೆಂಡು. ನೋಡಿದರೆ ಎರಡು ಕೈಗಳಿಲ್ಲದೆ ಆಡಲಾಗದ ಆಟ.

1967ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಜನಿಸಿದ ಅಬಟ್‌ಗೆ ಹುಟ್ಟಿನಿಂದಲೇ ಬಲಗೈಯ ಹಸ್ತವಿರಲಿಲ್ಲ. ಹುಡುಗನು ಗೋಡೆಗೆ ಚೆಂಡೆಸೆದು, ಅದು ಮರಳಿ ಬರುವುದರೊಳಗೆ ಗವಸು ತೊಡುವುದನ್ನು ದಿನದಿನವೂ ಅಭ್ಯಾಸ ಮಾಡಿದನು. ಎಸೆಯುವಾಗ ಗವಸು ಬಲತೋಳಿನ ತುದಿಯಲ್ಲಿ. ಎಸೆದೊಡನೆ ಎಡಗೈ ಅದರೊಳಗೆ. ಚೆಂಡು ಹಿಡಿದ ಮೇಲೆ ಗವಸು ಬಲಗಂಕುಳಿಗೆ, ಚೆಂಡು ಮತ್ತೆ ಎಡಗೈಗೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುತ್ತಿತ್ತು.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಆಡಿ ಹೆಸರು ಗಳಿಸಿದ ಅಬಟ್, 1988ರ ಸೋಲ್ ಒಲಿಂಪಿಕ್ಸಿನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಬೇಸ್‌ಬಾಲಿನ ಅಂತಿಮ ಪಂದ್ಯದಲ್ಲಿ ಜಪಾನಿನ ವಿರುದ್ಧ ಕೊನೆಯವರೆಗೂ ಚೆಂಡೆಸೆದು ತನ್ನ ದೇಶವನ್ನು 5–3ರಿಂದ ಗೆಲ್ಲಿಸಿದನು. 1989ರಲ್ಲಿ ಕ್ಯಾಲಿಫೋರ್ನಿಯಾ ಏಂಜೆಲ್ಸ್ ತಂಡದ ಮೂಲಕ ನೇರವಾಗಿ ಅತ್ಯುನ್ನತ ವೃತ್ತಿಪರ ಮಟ್ಟಕ್ಕೇರಿದನು. 1991ರಲ್ಲಿ 18 ಪಂದ್ಯಗಳ ಗೆಲುವು ಆತನ ಲೆಕ್ಕಕ್ಕೆ ಸೇರಿತು. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ಪರವಾಗಿ ಆಡುತ್ತ, ಕ್ಲೀವ್‌ಲ್ಯಾಂಡ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದೇ ಒಂದು ‘ಹಿಟ್’ ಕೂಡ ಸಿಗದಂತೆ ಚೆಂಡೆಸೆದನು. ಎರಡು ಕೈಗಳಿರುವ ಪಿಚರ್‌ಗಳಲ್ಲಿ ಬಹುಪಾಲು ಮಂದಿಗೆ ಜೀವಮಾನದಲ್ಲಿ ದೊರೆಯದ ಸಾಧನೆಯಿದು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುವುದು ಸುಲಭ. ಆದರೆ 1996ರಲ್ಲಿ ಇದೇ ಅಬಟ್ 2 ಗೆದ್ದು 18 ಸೋತನು. 1999ರಲ್ಲಿ ನಿವೃತ್ತನಾದಾಗ ಆತನ ಒಟ್ಟು ಲೆಕ್ಕ 87 ಗೆಲುವು, 108 ಸೋಲು. ನಮ್ಮ ಅಭಿಪ್ರಾಯದಲ್ಲಿ ಈ ಸೋಲುಗಳೂ ಅಷ್ಟೇ ಬೆಲೆಯುಳ್ಳವು. ಒಂದು ಕೈಯವನೆಂದು ಆತನಿಗಾಗಿ ಎಸೆತದ ದೂರವನ್ನು ಯಾರೂ ಕಡಿಮೆ ಮಾಡಲಿಲ್ಲ. ಚೆನ್ನಾಗಿ ಆಡಿದಾಗ ತಂಡದಲ್ಲಿ ಸ್ಥಾನ, ಆಡದಿದ್ದಾಗ ಸೋಲು. ಗೆಲ್ಲುವ ಹಕ್ಕಿನಂತೆ ಸೋಲುವ ಹಕ್ಕೂ ಆತನಿಗೆ ಎಲ್ಲರಂತೆಯೇ ದೊರೆಯಿತು. ಮರದಡಿ ಚೀಲ ಕಾಯುವ ಮಗುವಿಗೆ ನಾವು ಇವೆರಡನ್ನೂ ಕೊಡುತ್ತಿಲ್ಲ.

“ಎಲ್ಲರೂ ಅಬಟ್ ಆಗುವರೇ?” ಎಂದು ಕೆಲವರು ಕೇಳಬಹುದು. ಖಂಡಿತ ಇಲ್ಲ. ಆತನ ಎಡಗೈಯಲ್ಲಿ ಅಸಾಧಾರಣ ಶಕ್ತಿಯಿತ್ತು. ಊನವಿರುವ ಮಗುವಿಂದ ಪದಕವನ್ನೇ ನಿರೀಕ್ಷಿಸುವುದು ಇನ್ನೊಂದು ಬಗೆಯ ಅನ್ಯಾಯ. ಉಳಿದ ಮಕ್ಕಳೂ ಪದಕಕ್ಕಾಗಿಯೇ ಆಡುವುದಿಲ್ಲವಲ್ಲ! ಸಂತೋಷಕ್ಕಾಗಿ, ಗೆಳೆತನಕ್ಕಾಗಿ ಆಡುತ್ತಾರೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಶಾಲೆಗಳಲ್ಲಿ ಇಂಥ ಮಕ್ಕಳಿಗೆ ಇತರರೊಡನೆ ಸಮಾನವಾಗಿ ಆಟೋಟದ ಅವಕಾಶವಿರಬೇಕೆಂದು ವಿಧಿಸಿದೆ.

ಹೆತ್ತವರಲ್ಲಿ ನಮ್ಮ ವಿನಂತಿ: ಮಗುವಿಗೆ ಪೆಟ್ಟಾದೀತೆಂದು ಹೆದರಿ ಮನೆಯಲ್ಲೇ ಕೂರಿಸಬೇಡಿ; ಮಂಡಿ ತರಚಿಕೊಳ್ಳದ ಬಾಲ್ಯ ಯಾವುದಿದೆ? ವಿದ್ಯಾರ್ಥಿ ಮಿತ್ರರೇ, ತಂಡ ಕಟ್ಟುವಾಗ ಮರದ ಕಡೆಗೊಮ್ಮೆ ನೋಡಿರಿ. ಅಲ್ಲಿರುವ ಗೆಳೆಯನನ್ನೋ ಗೆಳತಿಯನ್ನೋ ಕರೆಯಿರಿ. ಹೇಗೆ ಆಡಬೇಕೆಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಚೀಲಗಳು ತಮ್ಮಷ್ಟಕ್ಕೆ ಮರದಡಿ ಬಿದ್ದಿರಲಿ.