ಉಳ್ಳಾಲದಿಂದ ಬಂದರಿಗೆ ಯಾವ ಸೈಕಲ್?

ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ನಮ್ಮ ಮನೆಗಳಲ್ಲಿ ಮತ್ತೆ ಸೈಕಲಿನ ಮಾತು ಬಂದಿದೆ. ಅಪ್ಪಂದಿರು ತುಳಿಯುತ್ತಿದ್ದ ಕರಿ ಸೈಕಲ್ ಅಲ್ಲ. ಕೆಲವರು ಬ್ಯಾಟರಿ ಸೈಕಲ್ ಎನ್ನುತ್ತಾರೆ. ಗಲ್ಫಿನಿಂದ ರಜೆಯಲ್ಲಿ ಬಂದವರು ಮೊಬೈಲಿನಲ್ಲಿ ಇನ್ನೊಂದನ್ನು ತೋರಿಸುತ್ತಾರೆ: ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಕುಳಿತು, ಕಾಲು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್. ಹತ್ತು ವರ್ಷ ಸ್ಕೂಟರ್ ಓಡಿಸಿ ಸೊಂಟ ಹಿಡಿದುಕೊಂಡವರಿಗೆ ಅದನ್ನು ಕಂಡರೆ ಆಸೆಯಾಗುವುದು ಸಹಜ.

ಅದನ್ನು ಹಗುರವಾಗಿ ಕಾಣುವಂತಿಲ್ಲ. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಇಂಥ ಸೈಕಲಿನಲ್ಲಿ ಒಂದು ಗಂಟೆಗೆ 45 ಕಿ.ಮೀ. ದಾಟಿ ದಾಖಲೆ ಮಾಡಿದರು. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಈ ಬಗೆಯ ಸೈಕಲನ್ನು ಮಾನ್ಯ ಸ್ಪರ್ಧೆಗಳಿಂದ ಹೊರಗಿಟ್ಟಿತು. ಗಾಳಿಯ ತಡೆ ಕಡಿಮೆ, ಸಮತಟ್ಟು ರಸ್ತೆಯಲ್ಲಿ ಓಟ ಜೋರು. ಬೆನ್ನಿಗೂ ಮಣಿಕಟ್ಟಿಗೂ ಆರಾಮ.

ಆದರೆ ನಮ್ಮ ದಾರಿ ಯಾವುದು? ಉಳ್ಳಾಲ, ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಆಮೇಲೆ ಬಸ್ಸು-ಟ್ಯಾಂಕರ್‌ಗಳ ನಡುವೆ ಪೇಟೆ. ಹಿಂದಿನಿಂದ ಬರುವ ಬಸ್ಸಿನವನಿಗೆ ಸ್ಕೂಟರೇ ಕಾಣದ ಹೆದ್ದಾರಿಯಲ್ಲಿ ಕಾರಿನ ಕಿಟಕಿಯ ಮಟ್ಟಕ್ಕೆ ತಲೆ ಇಟ್ಟುಕೊಂಡು ಹೋಗುವುದನ್ನು ನಾವು ಧೈರ್ಯ ಎನ್ನುವುದಿಲ್ಲ. ಹಿಂದೆ ಕೋಲಿಗೆ ಬಾವುಟ ಕಟ್ಟಿದರಾಯಿತು ಎನ್ನುವವರೂ ಉಂಟು. ನಮ್ಮ ಬಸ್ಸಿನವರು ಬಾವುಟಕ್ಕೆ ನಿಲ್ಲುವವರಾ ಮಾರಾಯ್ರೇ? ಬಂದರಿನಿಂದ ಬಾವುಟಗುಡ್ಡೆ ಹತ್ತುವಾಗ ಸಾದಾ ಸೈಕಲಿನವನು ಎದ್ದು ನಿಂತು ಮೈಭಾರ ಹಾಕಿ ತುಳಿಯಬಹುದು, ಒರಗಿ ಕುಳಿತವನು ಏಳುವಂತಿಲ್ಲ. ಇನ್ನು ಅದರ ಚೈನು ಸಾದಾ ಸೈಕಲಿನದ್ದಕ್ಕಿಂತ ಎಷ್ಟೋ ಉದ್ದ. ಕಡಲ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ತುಕ್ಕು ಹಿಡಿದರೆ ರಿಪೇರಿ ಮಾಡುವವನನ್ನು ಎಲ್ಲಿಂದ ತರುವುದು?

ಹಾಗಾಗಿ ನಾವು ಹೇಳುವುದು ಬ್ಯಾಟರಿ ಸೈಕಲ್. ದಿನಕ್ಕೆ ಹೋಗಿ ಬರುವುದು 20 ಕಿ.ಮೀ. ಎಂದಿಟ್ಟುಕೊಳ್ಳಿ. ತಿಂಗಳಿಗೆ 25 ದಿನ ಸ್ಕೂಟರಿನಲ್ಲಾದರೆ ಹನ್ನೊಂದು ಲೀಟರಿನಷ್ಟು ಪೆಟ್ರೋಲ್, ಅಂದರೆ 1,100 ರೂಪಾಯಿಗೆ ಕಡಿಮೆಯಿಲ್ಲ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಅರ್ಧ ಯೂನಿಟ್ ಕರೆಂಟ್ ಸಾಕು. ಕಾಲೂ ತುಳಿಯುತ್ತಿದ್ದರೆ ತಿಂಗಳಿಗೆ ಹತ್ತು ಯೂನಿಟ್ ದಾಟದು. ಏರಿನಲ್ಲಿ ಮೋಟರ್ ಕೈ ಹಿಡಿಯುತ್ತದೆ. ಏಪ್ರಿಲ್ ಸೆಖೆಯಲ್ಲೂ ಅಂಗಿ ಹಿಂಡುವ ಹಾಗೆ ಬೆವರಿ ಅಂಗಡಿ ಬಾಗಿಲು ತೆರೆಯಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಮೋಟರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಲೈಸೆನ್ಸು, ನೋಂದಣಿ ಬೇಡ. "ಲೈಸೆನ್ಸ್ ಬೇಡ" ಎಂದು ಮಾರಿ, ಆಮೇಲೆ ವೈರ್ ಕಿತ್ತು ವೇಗ ಹೆಚ್ಚಿಸಿ ಕೊಡುವ ಅಂಗಡಿಗಳುಂಟು. ಹಾಗೆ ಮಾಡಿದ ಮರುಕ್ಷಣ ಅದು ಮೋಟಾರು ವಾಹನ. ಹದಿನೈದರ ಹುಡುಗ ಅದನ್ನೇರಿ ಯಾರಿಗಾದರೂ ಗುದ್ದಿದರೆ ಅಪ್ಪನ ಮೇಲೆ ಕೇಸು: 2019ರ ತಿದ್ದುಪಡಿಯಂತೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ವಿಮೆಯೂ ಇರುವುದಿಲ್ಲ. ಗುದ್ದಿಸಿಕೊಂಡವರ ಮನೆಯ ಗತಿ?

ಬ್ಯಾಟರಿ ಶಾಶ್ವತವಲ್ಲ, ಕೆಲವು ವರ್ಷಕ್ಕೆ ಬದಲಿಸಬೇಕು. ಅದು ಸಣ್ಣ ಖರ್ಚೂ ಅಲ್ಲ. ಕೊಳ್ಳುವ ದಿನವೇ ಹೊಸದರ ಬೆಲೆ ಕೇಳಿ, ಬ್ಯಾಟರಿ ಕಳಚಿ ಒಳಗೆ ಒಯ್ಯಲು ಬರುತ್ತದಾ ನೋಡಿ. ಎಲ್ಲರೂ ಮಲಗಿದ ಮೇಲೆ ಮೆಟ್ಟಿಲ ಕೆಳಗೆ ಚಾರ್ಜಿಗೆ ಇಡುವುದು ಮಾತ್ರ ಬೇಡ.