ಭಾರತ ಸ್ವಾವಲಂಬಿಯಾದರೆ ಕತಾರ್ ಕೆಲಸದ ಗತಿಯೇನು?

ಇಂಧನದಲ್ಲಿ ಭಾರತ ಸ್ವಾವಲಂಬನೆ ಸಾಧಿಸಬೇಕು ಎಂಬ ಮಾತು ಬಂದಾಗಲೆಲ್ಲ ಕರಾವಳಿಯ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಹಾಗಾದರೆ ಕೊಲ್ಲಿಯಲ್ಲಿರುವ ನಮ್ಮವರ ಕೆಲಸ? ಕತಾರ್ ಮಟ್ಟಿಗೆ ಈ ಭಯಕ್ಕೆ ಸದ್ಯ ಆಧಾರ ಕಡಿಮೆ. ಆದರೆ ಗಮನಿಸಬೇಕಾದ ಬೇರೆ ಸಂಗತಿಗಳಿವೆ.

ಕತಾರ್‌ನ ನಿಜವಾದ ಬಲ ಇರುವುದು ಕಚ್ಚಾ ತೈಲಕ್ಕಿಂತ ನೈಸರ್ಗಿಕ ಅನಿಲದಲ್ಲಿ. 2019ರ ಜನವರಿಯಲ್ಲಿ ಅದು ಒಪೆಕ್ ಕೂಟದಿಂದಲೇ ಹೊರಬಂದಿತು. ರಾಸ್ ಲಫಾನ್‌ನಲ್ಲಿ ತಣಿಸಿ ದ್ರವರೂಪಕ್ಕೆ ತಂದ ಅನಿಲ, ಅಂದರೆ ಎಲ್‌ಎನ್‌ಜಿ, 2004ರಿಂದ ಹಡಗುಗಳಲ್ಲಿ ಗುಜರಾತ್‌ನ ದಹೇಜ್‌ಗೆ ಬರುತ್ತಿದೆ. ಈ ಒಪ್ಪಂದವನ್ನು 2024ರ ಫೆಬ್ರುವರಿ 6ರಂದು ಗೋವಾದಲ್ಲಿ ವಿಸ್ತರಿಸಲಾಯಿತು. ಅದರ ಪ್ರಕಾರ ಪೆಟ್ರೊನೆಟ್ ಕಂಪನಿಯು ಕತಾರ್ ಎನರ್ಜಿಯಿಂದ 2028ರಿಂದ 2048ರವರೆಗೆ ವರ್ಷಕ್ಕೆ 75 ಲಕ್ಷ ಟನ್ ಖರೀದಿಸಲಿದೆ.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು, ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಹೊರಗಿನಿಂದ ತರಿಸುತ್ತದೆ. ಒಟ್ಟು ಇಂಧನ ಬಳಕೆಯಲ್ಲಿ ಅನಿಲದ ಪಾಲನ್ನು 2030ರ ಹೊತ್ತಿಗೆ ಶೇ 15ಕ್ಕೆ ಏರಿಸುವ ಗುರಿಯೂ ಇದೆ. ಹಾಗಾಗಿ ಸ್ವಾವಲಂಬನೆ ಎಂದರೆ ಆಮದು ನಿಲ್ಲಿಸುವುದಲ್ಲ, ಪೂರೈಕೆ ಕೈಕೊಡದಂತೆ ನೋಡಿಕೊಳ್ಳುವುದು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಭೂಗತ ಸಂಗ್ರಹಾಗಾರಗಳು ಇರುವುದು ಅದಕ್ಕಾಗಿಯೇ. ಅನಿಲಕ್ಕೆ ಅಂತಹ ರಾಷ್ಟ್ರೀಯ ಆಪತ್ಕಾಲೀನ ದಾಸ್ತಾನು ಇಲ್ಲ. ಕತಾರ್‌ನಿಂದ ಹೊರಡುವ ಎಲ್‌ಎನ್‌ಜಿ ಹಡಗುಗಳೆಲ್ಲ ಹೊರ್ಮುಜ್ ಜಲಸಂಧಿಯನ್ನು ದಾಟಿಯೇ ಬರಬೇಕು. ಅಲ್ಲಿ ತೊಡಕಾದರೆ ಕತಾರ್‌ನ ಆದಾಯಕ್ಕೂ ನಮ್ಮ ಪೂರೈಕೆಗೂ ಒಟ್ಟಿಗೇ ಪೆಟ್ಟು.

ಉದ್ಯೋಗದ ಲೆಕ್ಕ ಬೇರೆ. ವರ್ಷಕ್ಕೆ 7.7 ಕೋಟಿ ಟನ್ ಇದ್ದ ಎಲ್‌ಎನ್‌ಜಿ ಉತ್ಪಾದನಾ ಸಾಮರ್ಥ್ಯವನ್ನು 2030ರೊಳಗೆ 14.2 ಕೋಟಿ ಟನ್‌ಗೆ ಏರಿಸುವುದಾಗಿ ಕತಾರ್ 2024ರಲ್ಲಿ ಪ್ರಕಟಿಸಿತು. ಸ್ಥಾವರ ಕಟ್ಟುವಾಗ ವೆಲ್ಡರ್, ಪೈಪ್ ಫಿಟ್ಟರ್, ಎಲೆಕ್ಟ್ರಿಷಿಯನ್, ಸುರಕ್ಷತಾ ಸಿಬ್ಬಂದಿ ಸಾವಿರಾರು ಸಂಖ್ಯೆಯಲ್ಲಿ ಬೇಕು. ಕಟ್ಟಿ ಮುಗಿದ ಮೇಲೆ ಅದನ್ನು ನಡೆಸಲು ಅದರಲ್ಲಿ ಸಣ್ಣ ಪಾಲು ಸಾಕು. ಬೆಲೆ ಕುಸಿದರೂ ಬಿಸಿ ಮೊದಲು ತಟ್ಟುವುದು ವಿದೇಶಿಯರಿಗೆ. 2020ರಲ್ಲಿ ಕತಾರ್‌ನ ಹಣಕಾಸು ಸಚಿವಾಲಯ, ಸರ್ಕಾರಿ ಸಂಸ್ಥೆಗಳಲ್ಲಿ ವಿದೇಶಿ ನೌಕರರ ಮೇಲಿನ ಮಾಸಿಕ ವೆಚ್ಚವನ್ನು ಶೇ 30ರಷ್ಟು ತಗ್ಗಿಸುವಂತೆ ಸೂಚಿಸಿತ್ತು.

ಆದ್ದರಿಂದ ಊರಿನಲ್ಲಿರುವವರು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು: ನಮ್ಮವರ ಕೆಲಸ ನಿರ್ಮಾಣದ ಗುತ್ತಿಗೆಯದೋ, ಸ್ಥಾವರ ನಡೆಸುವ ವಿಭಾಗದ್ದೋ? ಗುತ್ತಿಗೆ ಯಾವಾಗ ಮುಗಿಯುತ್ತದೆ? ಕಾರ್ಮಿಕ ಕಾನೂನಿನಡಿ ಬರುವವರು ಒಂದು ವರ್ಷ ಪೂರೈಸಿದ್ದರೆ, ಕೆಲಸ ಬಿಡುವಾಗ ವರ್ಷಕ್ಕೆ ಕನಿಷ್ಠ ಮೂರು ವಾರಗಳ ಮೂಲ ವೇತನದಷ್ಟು ಗ್ರಾಚ್ಯುಟಿ ಸಿಗಬೇಕು. ಮನೆ ಸಾಲದ ಕಂತನ್ನು 2048ರ ಒಪ್ಪಂದ ನೋಡಿ ಲೆಕ್ಕ ಹಾಕಬಾರದು, ಕೈಯಲ್ಲಿರುವ ಗುತ್ತಿಗೆಯ ಅವಧಿ ನೋಡಿ ಹಾಕಬೇಕು.