ಮಟ್ಟು ಶಾಸನವಾದ ಬಗೆ

2022ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು, ಕುವೆಂಪು ವಿರಚಿತವಾದ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿಯೇ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದಂತೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸತಕ್ಕದ್ದೆಂದು ಆಜ್ಞೆ ಹೊರಡಿಸಿದಾಗ, ಸಿ. ಅಶ್ವತ್ಥರ ಧಾಟಿಯೇ ಮಿಗಿಲೆಂದು ನಂಬಿದ್ದವರು ನೊಂದುಕೊಂಡರು. ವಿವಾದವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಶಾಲೆಯ ಅಂಗಳದಲ್ಲಿ ಐನೂರು ಮಕ್ಕಳು ಒಟ್ಟಾಗಿ ನಿಂತು ಹಾಡಬೇಕಾದ ಗೀತೆಗೆ ಒಂದೇ ಮಟ್ಟಿರಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ನನ್ನ ಚಿಂತೆ ಬೇರೆ. ಯಾವ ಸರ್ಕಾರವೂ ಹೊರಡಿಸದ, ಯಾವ ಗೆಜೆಟ್ಟಿನಲ್ಲಿಯೂ ಅಚ್ಚಾಗದ ಇಂಥದೇ ಆಜ್ಞೆಯೊಂದು ಕನ್ನಡದ ಭಾವಗೀತೆಗಳೆಲ್ಲದರ ಮೇಲೆ ನಾಲ್ಕು ದಶಕಗಳಿಂದ ಜಾರಿಯಲ್ಲಿದೆಯಲ್ಲ, ಅದರ ಮೇಲೆ ಮೇಲ್ಮನವಿ ಸಲ್ಲಿಸಲು ಯಾವ ನ್ಯಾಯಾಲಯಕ್ಕೆ ಹೋಗೋಣ?

ಆ ಆಜ್ಞೆಯ ಮೂಲವನ್ನು ಅರಸಹೊರಟರೆ ತಲಪುವುದು 1978ಕ್ಕೆ. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದದ್ದು ಆ ವರ್ಷ. ಕನ್ನಡ ಭಾವಗೀತೆಗಳ ಮೊಟ್ಟಮೊದಲ ಕ್ಯಾಸೆಟ್ಟೆಂಬ ಕೀರ್ತಿ ಅದರದು. ಕವಿತೆಯನ್ನು ಹಾಡುವುದೇನೋ ಆಗ ಹೊಸತಾಗಿರಲಿಲ್ಲ. ಪಿ. ಕಾಳಿಂಗರಾಯರು, ಸೋಹನ್ ಕುಮಾರಿ ಮೋಹನ್ ಕುಮಾರಿಯರನ್ನು ಜೊತೆಗೆ ಕೂರಿಸಿಕೊಂಡು, ಊರೂರಿನ ಚಪ್ಪರಗಳಲ್ಲಿ ನವೋದಯದ ಕವಿಗಳನ್ನು ಜನರ ಕಿವಿಗೆ ಮುಟ್ಟಿಸಿ ದಶಕಗಳೇ ಕಳೆದಿದ್ದುವು. ಆಕಾಶವಾಣಿಯು 'ಸುಗಮ ಸಂಗೀತ'ವೆಂಬ ಹೆಸರನ್ನು ಮನೆಮಾತಾಗಿಸಿತ್ತು. ಆದರೆ ಕಾಳಿಂಗರಾಯರ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕೆ ತುಸು ಮೇಲಷ್ಟೆ. ಕವಿಯ ಐದು ಪದ್ಯಗಳಲ್ಲಿ ಎರಡಾದರೂ ಹೊರಗುಳಿಯಬೇಕಾಗುತ್ತಿತ್ತು. ರೇಡಿಯೋ ಹಾಡುತ್ತಿದ್ದುದು ತನ್ನ ಹೊತ್ತಿಗೇ ಹೊರತು ಕೇಳುವವನ ಹೊತ್ತಿಗಲ್ಲ. ಒಂದು ಮಗ್ಗುಲಿಗೆ ಅರ್ಧ ಗಂಟೆ ಹಾಡುವ, ಬೇಕೆಂದಾಗ ಬೇಕೆಂದಷ್ಟು ಸಲ ಹಿಂದಕ್ಕೆ ಸುತ್ತಬಹುದಾದ ಕ್ಯಾಸೆಟ್ಟು ಬಂದು ಈ ಎರಡು ಕಟ್ಟುಗಳನ್ನೂ ಸಡಿಲಿಸಿತು. ಮೂರನೆಯ ಕಟ್ಟೊಂದನ್ನು, ಯಾರ ಗಮನಕ್ಕೂ ಬಾರದಂತೆ, ತಾನೇ ಬಿಗಿಯಿತು.

ತೀರ್ಥಹಳ್ಳಿಯ ಸೀಮೆಯಲ್ಲಿದ್ದ ನನ್ನ ಸೋದರಮಾವನ ಮನೆಗೆ, ಅಡಕೆ ಮಾರಿದ ಹಣದಲ್ಲಿ, ಒಂದು ಟೇಪ್ ರೆಕಾರ್ಡರು ಬಂದಿತ್ತು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅತ್ತೆ, ಹಲಸಿನ ಹಪ್ಪಳ ಒತ್ತುತ್ತ ಒತ್ತುತ್ತಲೇ, ಕೆ. ಎಸ್. ನರಸಿಂಹಸ್ವಾಮಿಗಳ ಐದಾರು ಕವಿತೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. 1942ರಲ್ಲಿಯೇ ಅಚ್ಚಾಗಿದ್ದ 'ಮೈಸೂರ ಮಲ್ಲಿಗೆ'ಯ ಪುಸ್ತಕವನ್ನು ಅವರು ಕಣ್ಣಿನಿಂದ ಕಂಡವರಲ್ಲ. ಒಂದು ಮಳೆಗಾಲ ಯಂತ್ರವು ಟೇಪನ್ನು ನುಂಗಿತು. ಮಾವ ಜಗಲಿಯಲ್ಲಿ ಕುಳಿತು, ಸುಕ್ಕುಗಟ್ಟಿದ ಆ ಕಂದು ಪಟ್ಟಿಯನ್ನು ಉಗುರಿನಿಂದ ನೀವಿ, ಕೆಟ್ಟ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ, ತುದಿಗಳೆರಡನ್ನೂ ಅಂಟುಪಟ್ಟಿಯಿಂದ ಕೂಡಿಸಿ, ಸುರುಳಿಯ ಹಲ್ಲಿಗೆ ಪೆನ್ಸಿಲು ಸಿಕ್ಕಿಸಿ ತಿರುವಿ ತಿರುವಿ ಬಿಗಿಮಾಡಿದರು. ಹಾಡು ಮತ್ತೆ ಹೊರಟಿತು. ಎರಡನೆಯ ಚರಣದ ನಡುವೆ ಅರ್ಧ ಸಾಲು ಮಾತ್ರ ಹಾರಿಹೋಗಿತ್ತು. ಅಂದಿನಿಂದ ಅತ್ತೆ ಆ ಅರ್ಧ ಸಾಲನ್ನು ಬಿಟ್ಟೇ ಹಾಡಿದರು. ಅವರ ಮಕ್ಕಳೂ ಹಾಗೆಯೇ ಕಲಿತರು. ನಾನಾದರೋ, ಕಾಲೇಜಿಗೆ ಬಂದು ಪುಸ್ತಕವನ್ನು ತೆರೆದಾಗ, ಮುದ್ರಿತ ಕವಿತೆಯಲ್ಲಿಯೇ ಏನೋ ಹೆಚ್ಚಾಗಿ ಸೇರಿಕೊಂಡಿದೆಯೆಂದು ಒಂದು ಕ್ಷಣ ಭ್ರಮಿಸಿದೆ.

ಮಟ್ಟು ಕವಿತೆಯನ್ನು ನುಂಗಿತೆಂದು, ಕವಿತೆಯು ಮೌನವಾಗಿ ಓದತಕ್ಕ ವಸ್ತುವೆಂದು, ಕ್ಯಾಸೆಟ್ಟಿನ ಆ ಮೊದಲ ದಶಕದ ಸಂಗೀತವನ್ನು ಹಗುರವಾಗಿ ಕಾಣುವ ಪಂಡಿತರುಂಟು. ನಾನು ಆ ಪಕ್ಷದವನಲ್ಲ. ಅತ್ತೆಯ ಪಾಲಿಗೆ ಮಟ್ಟಿಲ್ಲದಿದ್ದರೆ ಕವಿತೆಯೇ ಇರಲಿಲ್ಲ. ಅನಂತಸ್ವಾಮಿಯವರು ಹಾರ್ಮೋನಿಯಮ್ಮಿನ ಮುಂದೆ ಕುಳಿತು, ಪದದ ಅರ್ಥ ಕೆಡದಂತೆ, ಕಿವಿಯ ಬಳಿ ಬಂದು ಹೇಳುವವರಂತೆ ಹಾಡುತ್ತಿದ್ದರು. ನಿಸಾರರ ಕುರಿಗಳ ವಿಡಂಬನೆಯಂಥ ಕೊಂಕು ಮಾತಿಗೂ ಅವರಲ್ಲಿ ಸ್ವರವಿತ್ತು. ಅಶ್ವತ್ಥರದು ತದ್ವಿರುದ್ಧವಾದ ಮಾರ್ಗ: ಎದೆಯನ್ನು ಬಿಚ್ಚಿ ತಾರಸ್ಥಾಯಿಗೆ ಏರಿ ನಿಂತು ಕರೆದರೆಂದರೆ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವನೂ ನೆಟ್ಟಗಾಗಬೇಕು. ಹಾವೇರಿ ಧಾರವಾಡಗಳ ಕಡೆಯ ಭಜನೆಯ ಮೇಳಗಳಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದ ಶಿಶುನಾಳ ಷರೀಫರ ತತ್ತ್ವಪದಗಳು, ಹಳೆಯ ಮೈಸೂರಿನ ನಡುಮನೆಗಳಿಗೆ ನಡೆದುಬಂದದ್ದು ಅವರ ಆ ಕಂಠದ ಬಲದಿಂದ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅಶ್ವತ್ಥರು ಬೆಂಗಳೂರಿನ ದೂರವಾಣಿ ಕಾರ್ಖಾನೆಯ ನೌಕರರು. 'ಕಾಡು ಕುದುರೆ' ಚಿತ್ರದ ಹಾಡಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯನ್ನು ಪಡೆದ ಮೊದಲ ಕನ್ನಡಿಗರಾದ ಶಿವಮೊಗ್ಗ ಸುಬ್ಬಣ್ಣನವರು ಕರಿಯ ಕೋಟು ತೊಟ್ಟ ವಕೀಲರು. ಹಗಲೆಲ್ಲ ಅನ್ನದ ಕೆಲಸ, ಸಂಜೆಗೆ ರಾಗ. ಕಾಳಿಂಗರಾಯರ ಮಟ್ಟುಗಳು ನಾಡಿನ ನಾಲಗೆಯ ಮೇಲೆ ಇನ್ನೂ ಬೆಚ್ಚಗಿದ್ದಾಗಲೇ, ಭಜನೆಯವರ ಧಾಟಿ ಅಲ್ಲಲ್ಲಿ ಜೀವಂತವಾಗಿದ್ದಾಗಲೇ, ಇವರು ಯಾರ ಅಪ್ಪಣೆಯನ್ನೂ ಬೇಡದೆ ಅವೇ ಕವಿಗಳಿಗೆ, ಅವೇ ಪದಗಳಿಗೆ ತಮ್ಮ ಮಟ್ಟನ್ನು ಕಟ್ಟಿದರು. ಪೂರ್ವಿಕರ ಧಾಟಿಯನ್ನು ಮುಟ್ಟಬಾರದೆಂಬ ನೇಮವನ್ನು ಇವರು ಪಾಲಿಸಿದ್ದರೆ, ಇಂದು ನಾವು ಪೂಜಿಸುತ್ತಿರುವ ಮಟ್ಟುಗಳಲ್ಲಿ ಒಂದೂ ಹುಟ್ಟುತ್ತಿರಲಿಲ್ಲ.

ನೇಮ ಹುಟ್ಟಿದ್ದು ಅನಂತರ, ಅದೂ ಟೇಪಿನಿಂದ. ಕಾಳಿಂಗರಾಯರ ಹಾಡನ್ನು ಚಪ್ಪರದಲ್ಲಿ ಕೇಳಿಬಂದವನು ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತು, ಉಳಿದರ್ಧವನ್ನು ತನ್ನ ಗಂಟಲಿಗೆ ಒಗ್ಗಿಸಿಕೊಂಡು ಹಾಡುತ್ತಿದ್ದನು. ಮರೆವಿನಿಂದಲೇ ಎಷ್ಟೋ ಹೊಸ ತಿರುವುಗಳು ಹುಟ್ಟುತ್ತಿದ್ದುವು. ಟೇಪಿಗೆ ಮರೆವಿಲ್ಲ. ಅದು ನೂರು ಸಲವೂ ಒಂದೇ ಉಸಿರಿನಲ್ಲಿ, ಒಂದೇ ಗಮಕದಲ್ಲಿ ಹಾಡಿತು. ನಮ್ಮತ್ತೆಯ ಅರ್ಧ ಸಾಲಿನಂತೆ, ಅಲ್ಲಿ ಇದ್ದದ್ದೂ ಇಲ್ಲದ್ದೂ ಪ್ರಮಾಣವಾಯಿತು. ಪಲ್ಲವಿಗೂ ಚರಣಕ್ಕೂ ನಡುವೆ ಅಂದು ಯಾರೋ ಕೊಳಲಿನವರು ಊದಿದ ನಾಲ್ಕು ಸ್ವರಗಳನ್ನು ಇಂದು ಕೀಬೋರ್ಡಿನವರು ವೇದಪಾಠದಂತೆ ಒಪ್ಪಿಸುತ್ತಾರೆ. ಹಾಡುವ ಕವಿತೆಗಳಾದರೂ ಬದಲಾದುವೇ ಎಂದರೆ ಅದೂ ಇಲ್ಲ: ಮಾತ್ರಾಗಣಕ್ಕೆ ಸಲೀಸಾಗಿ ಬಂದ ಕವಿತೆಗಳು ಅಂದು ಒಳಹೊಕ್ಕವು, ಅಡಿಗರ ನವ್ಯದ ದೀರ್ಘ ಕವನಗಳು ಹೊರಗುಳಿದುವು, ಬಾಗಿಲು ಹಾಗೆಯೇ ಮುಚ್ಚಿಕೊಂಡಿತು. ಒಂದು ದಶಕದ ಸಾಹಸವು ಮುಂದಿನ ದಶಕಗಳಿಗೆ ಪಠ್ಯಕ್ರಮವಾದುದನ್ನು ಅನಂತಸ್ವಾಮಿಯವರೂ ಅಶ್ವತ್ಥರೂ ಮೆಚ್ಚುತ್ತಿದ್ದರೆಂದು ನನಗೆ ತೋರುವುದಿಲ್ಲ.

ಕೆಲವು ವರ್ಷಗಳ ಹಿಂದೆ, ರಾಜ್ಯೋತ್ಸವದ ಭಾವಗೀತೆ ಸ್ಪರ್ಧೆಯೊಂದರಲ್ಲಿ ಶ್ರೋತೃವಾಗಿ ಕುಳಿತಿದ್ದೆ. ಹದಿನಾಲ್ಕರ ಪ್ರಾಯದ ಹುಡುಗಿಯೊಬ್ಬಳು, ಎಲ್ಲರೂ ಬಲ್ಲ ಬೇಂದ್ರೆಯವರ ಕವಿತೆಯೊಂದನ್ನು ಯಾರೂ ಅರಿಯದ ಮಟ್ಟಿನಲ್ಲಿ ಎತ್ತಿಕೊಂಡಳು. ಮಟ್ಟು ಅಲ್ಲಲ್ಲಿ ತೊದಲುತ್ತಿದ್ದುದು ನಿಜ. ಆದರೆ ನಾವೆಲ್ಲ ಕೇಳಿ ಕೇಳಿ ಸವೆಸಿದ್ದ ಒಂದು ಪದದ ಮೇಲೆ ಅವಳು ನಿಂತ ರೀತಿಗೆ, ಆ ಪದ ಅಲ್ಲಿರುವುದೇ ನನಗೆ ಅಂದು ಮೊದಲ ಸಲ ತಿಳಿದಂತಾಯಿತು. ತೀರ್ಪುಗಾರರು ಕೈಯೆತ್ತಿ ನಿಲ್ಲಿಸಿದರು.

"ಯಾರದಮ್ಮ ಈ ಮಟ್ಟು?"

"ನಂದೇ ಸಾರ್."

"ಅದೆಲ್ಲ ಬೇಡ. ಸರಿಯಾಗಿರೋದನ್ನ ಹಾಡು."

ಅವಳು ಕ್ಯಾಸೆಟ್ಟಿನ ಮಟ್ಟಿನಲ್ಲಿಯೇ ತಪ್ಪಿಲ್ಲದೆ ಹಾಡಿ, ಸಮಾಧಾನಕರ ಬಹುಮಾನದ ಸ್ಟೀಲಿನ ಡಬ್ಬಿಯನ್ನು ಪಡೆದಳು. ಸಭೆ ಚದುರಿ ಕುರ್ಚಿಗಳನ್ನು ಮಡಿಸಿಡುತ್ತಿದ್ದಾಗ ನಾನು ಹಿಂದಿರುಗಿ ನೋಡಿದೆ. ತಬಲಾದ ಮುದುಕಪ್ಪ, ಕಟ್ಟಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅವಳನ್ನು ಹತ್ತಿರಕ್ಕೆ ಕರೆದು, "ಆ ಮೊದಲನೇದು ಇನ್ನೊಂದ್ಸಲ ಹೇಳು ಮಗಾ, ತಾಳ ಎಲ್ಲಿ ಬೀಳುತ್ತೆ ನೋಡೋಣ" ಎನ್ನುತ್ತ, ಚೀಲದ ಮೇಲೆಯೇ ಬೆರಳಾಡಿಸುತ್ತಿದ್ದನು.